ಜಟ್ಟಪ್ಪ ಮಾಸ್ತರ ಕನ್ನಡಕದ ಡಬ್ಬಿ

ಜಟ್ಟಪ್ಪ ಮಾಸ್ತರ ಬಲಗೈಯಲ್ಲಿ ಸದಾ ಒಂದು ಕನ್ನಡಕದ ಡಬ್ಬಿ ಇರುತ್ತಿತ್ತು. ಕಪ್ಪು ಬಣ್ಣದ, ಮೂಲೆ ಸವೆದು ಒಳಗಿನ ತಗಡು ಕಾಣುವ ಗಟ್ಟಿ ಡಬ್ಬಿ. ಅದರೊಳಗೆ ಕನ್ನಡಕವನ್ನು ಮಾತ್ರ ನಾನು ಎಂದೂ ನೋಡಿರಲಿಲ್ಲ. ಕನ್ನಡಕ ಮೂಗಿನ ಮೇಲೆ, ಡಬ್ಬಿ ಕೈಯಲ್ಲಿ. ಒಂದೇ ಅಂಗಡಿಯಿಂದ ಒಟ್ಟಿಗೆ ಹೊರಟ ಈ ಎರಡು ವಸ್ತುಗಳು ಆಮೇಲೆ ಪರಸ್ಪರ ಭೇಟಿಯಾದ ದಾಖಲೆಯಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. ಅವರು ಉತ್ತರ ಹೇಳುವ ಬದಲು ಡಬ್ಬಿಯಿಂದ ಮೇಜನ್ನು ಎರಡು ಸಲ ಕುಟ್ಟಿದರು. ಟಕ್, ಟಕ್.

"ಕೇಳ್ತಾ ಭಟ್ರೆ? ಒಳಗೆ ಕನ್ನಡಕ ಹಾಕಿದ್ರೆ ಈ ಶಬ್ದ ಬರೂದಿಲ್ಲ. ಲೊಡಲೊಡ ಅಂತದೆ. ಲೊಡಲೊಡ ಅಂದ್ರೆ ಮಕ್ಕಳು ಮರ್ಯಾದೆ ಕೊಡೂದಿಲ್ಲ."

ಆ ಎರಡು ಟಕ್‌ಗಳ ಮೇಲೆ ನಮ್ಮ ಶಾಲೆಯ ರಾಜ್ಯಭಾರವೆಲ್ಲ ನಿಂತಿತ್ತು. ಶಾಲೆ ಇದ್ದದ್ದು ಭಟ್ಕಳ ಕಡೆಯ ಬೆಳಕೆ ಊರಿನಿಂದಾಚೆ, ಹೆದ್ದಾರಿ ದಾಟಿ ಸಮುದ್ರದ ಕಡೆ ಇಳಿದರೆ ಸಿಗುವ ಒಂದು ಕೇರಿಯಲ್ಲಿ. ಹೆಸರು ಹೇಳಿ ಪ್ರಯೋಜನವಿಲ್ಲ. ಕೇರಿ ಇದೆ, ಶಾಲೆ ಈಗಿಲ್ಲ. ಒಂದರಿಂದ ಎಂಟರವರೆಗೆ ತರಗತಿಗಳು. ಜಟ್ಟಪ್ಪ ಮಾಸ್ತರು ಮುಖ್ಯಾಧ್ಯಾಪಕರು ಮತ್ತು ಗಣಿತ, ವಿಜ್ಞಾನ. ನಾನು ಕನ್ನಡ ಮತ್ತು ಉಳಿದದ್ದೆಲ್ಲ. ಚಿಕ್ಕ ಮಕ್ಕಳಿಗೆ ವರ್ಷಕ್ಕೊಬ್ಬರಂತೆ ಬದಲಾಗುವ ಅತಿಥಿ ಅಕ್ಕೋರು. ನಮ್ಮೆಲ್ಲರ ಮೇಲಧಿಕಾರಿಯಾಗಿ ಬಿಸಿಯೂಟದ ಗೊಯ್ದಮ್ಮ. ಮಕ್ಕಳಲ್ಲಿ ಹೆಚ್ಚಿನವರು ಬೋಟಿಗೆ ಹೋಗುವವರ, ಗದ್ದೆ ಕೆಲಸದವರ ಮಕ್ಕಳು. ಮನೆಯಲ್ಲಿ ಕೆಲವರಿಗೆ ಕೊಂಕಣಿ, ಒಂದಿಬ್ಬರಿಗೆ ನವಾಯತಿ, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಮೂರೂ.

ಪರೀಕ್ಷೆಯ ದಿನ ಮಾಸ್ತರ ಶಾಸನ ಹೀಗಿತ್ತು: ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಕಾಲು ಗಂಟೆ ಯಾರೂ ಪೆನ್ನು ಮುಟ್ಟುವಂತಿಲ್ಲ. ಎರಡೂ ಕೈ ಮಡಿಲಲ್ಲಿರಬೇಕು. ಮೊದಲ ಅಕ್ಷರದಿಂದ ಕೊನೆಯ ಚುಕ್ಕೆಯವರೆಗೆ ಓದಬೇಕು. ಓದಿಯಾದ ಮೇಲೆ ಕಣ್ಣು ಮುಚ್ಚಿ ಯೋಚಿಸಬೇಕು. ಮಾಸ್ತರು ಡಬ್ಬಿಯಿಂದ ಎರಡು ಸಲ ಕುಟ್ಟಿದಾಗ ಕಣ್ಣು ತೆರೆದು ಬರೆಯತೊಡಗಬೇಕು. ಟಕ್ ಟಕ್ ಆಗುವ ಮೊದಲು ಬರೆದವನ ಉತ್ತರ ಸರಿಯಿದ್ದರೂ ಮಾಸ್ತರ ಮುಖದಲ್ಲಿ ನಗು ಬರುತ್ತಿರಲಿಲ್ಲ. ಆ ಮಕ್ಕಳಿಗೆ ಅಂಕಕ್ಕಿಂತ ಅದೇ ದೊಡ್ಡ ನಷ್ಟ.

"ಅವ ಎಂತ ಕೇಳ್ತಾ ಇದ್ದ ಅಂತ ಮೊದಲು ಪೂರ್ತಿ ಕೇಳ್ಕೊಳ್ಳಿ," ಎನ್ನುತ್ತಿದ್ದರು. ಪ್ರಶ್ನೆಪತ್ರಿಕೆ ತೆಗೆದವನನ್ನು ಅವರು ಯಾವಾಗಲೂ 'ಅವ' ಎಂದೇ ಕರೆಯುತ್ತಿದ್ದದ್ದು, ಪರಿಚಯವಿಲ್ಲದ ದೂರದ ನೆಂಟನೊಬ್ಬನ ಬಗ್ಗೆ ಹೇಳುವ ಹಾಗೆ. "ಬಾಗಿಲಿಗೆ ಬಂದವ ಮಾತು ಮುಗಿಸೂಕೆ ಮುಂಚೆ ಉತ್ತರ ಹೇಳೂದು ಮರ್ಯಾದೆ ಅಲ್ಲ."

ಈ ಶಾಸನದಡಿ ಬೆಳೆದವರನ್ನು ಭಟ್ಕಳದಿಂದ ಕುಮಟೆಯವರೆಗೆ ಎಲ್ಲಿ ಬೇಕಾದರೂ ಗುರುತಿಸಬಹುದಿತ್ತು. ಬಸ್ಸಿನಲ್ಲಿ ಟಿಕೇಟನ್ನು ಎರಡೂ ಬದಿ ಓದಿ ಮುಗಿಸದೆ ಒಳಗೆ ಸರಿಯದವರು, ಔಷಧದ ಅಂಗಡಿಯಲ್ಲಿ ಮಾತ್ರೆಯ ಪಟ್ಟಿ ತಿರುಗಿಸಿ ಮುರುಗಿಸಿ ನೋಡುತ್ತ ಹಿಂದಿನವರ ಶಾಪ ತಿನ್ನುವವರು, ಎಲ್ಲ ನಮ್ಮವರೇ. ಹೊನ್ನಾವರದ ಒಂದು ಬ್ಯಾಂಕಿನಲ್ಲಿ ಅತ್ಯಂತ ಉದ್ದದ ಸಾಲು ಯಾರ ಕಿಟಕಿಯ ಮುಂದಿರುತ್ತದೋ ಆತ ಮಾಸ್ತರ ಶಿಷ್ಯ; ಸಾಲಿನ ಬಗ್ಗೆ ದೂರುಗಳಿವೆ, ಅವನ ಕೆಲಸದ ಬಗ್ಗೆ ಒಂದೂ ಇಲ್ಲ. ಇನ್ನೊಬ್ಬನ ಮದುವೆ ಇಡಗುಂಜಿಯಲ್ಲಿ ಆಯಿತು. ಸಹಿ ಮಾಡು ಎಂದು ಮುಂದೆ ಹಿಡಿದ ಕಾಗದವನ್ನು ಮದುಮಗ ಓದಲು ತೊಡಗಿದ. ಹಿಂಬದಿಯಲ್ಲಿ ಅಚ್ಚಾಗಿದ್ದ ಸೂಚನೆಗಳನ್ನೂ ಬಿಡಲಿಲ್ಲ. ಮುಹೂರ್ತ ಮೀರಿತು. ದಾಂಪತ್ಯ ಚೆನ್ನಾಗಿದೆ ಎಂದು ಕೇಳಿದ್ದೇನೆ.

ಮಾಸ್ತರು ತಮ್ಮ ಶಾಸನಕ್ಕೆ ತಾವೂ ಹೊರತಾಗಿರಲಿಲ್ಲ. ಹೊನ್ನಾವರದ ನಮ್ಮ ಮನೆಗೆ ಬಂದರೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಆವಿ ನೋಡುತ್ತ ಕೂರುತ್ತಿದ್ದರು. ನನ್ನ ಹೆಂಡತಿ ಒಳಗಿನಿಂದ ಇಣುಕಿ ನನಗಷ್ಟೇ ಕೇಳುವಂತೆ ಹೇಳಿದ್ದಳು: "ನಿಮ್ಮ ಮಾಸ್ತರು ಚಾ ಕುಡಿತ್ವಿಲ್ಲೆ, ಓದ್ತ."

ಈ ವ್ರತಕ್ಕೆ ಕಾರಣವನ್ನು ಒಂದೇ ಸಲ ಹೇಳಿದ್ದರು, ಬಸ್ಸು ಕಾಯುತ್ತ. ಅವರು ಹುಡುಗನಾಗಿದ್ದಾಗ ಏಳನೆಯ ತರಗತಿಯ ಪಬ್ಲಿಕ್ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಗೆ ಹಿಂದಿನ ಪುಟವಿರುವುದೇ ಅವರಿಗೆ ತಿಳಿದಿರಲಿಲ್ಲ. ಎಲ್ಲರಿಗಿಂತ ಮೊದಲು ಬರೆದು ಮುಗಿಸಿ, ಎದೆ ಉಬ್ಬಿಸಿ ಹೊರಗೆ ಬಂದಿದ್ದರಂತೆ. ಫಲಿತಾಂಶ ಬಂದ ಮೇಲೆ ಅಪ್ಪ ಬೈಯಲಿಲ್ಲ, ದೋಣಿಗೆ ಹಾಕಿದರು. "ಒಂದು ವರ್ಷ ಬಲೆ ಎಳೆದೆ ಭಟ್ರೆ. ಎಳೆಯೂವಾಗೆಲ್ಲ ಆ ಹಿಂದಿನ ಪುಟದಲ್ಲಿ ಎಂತ ಇತ್ತು ಅಂತ ಯೋಚನೆ. ಇವತ್ತಿಗೂ ಗೊತ್ತಿಲ್ಲ."

ಇಂಥ ಮನುಷ್ಯನ ಬಳಿಗೆ ಗಣಕ ಮೌಲ್ಯಾಂಕನ ಬಂತು.

ಎಂಟನೆಯ ತರಗತಿಯ ಮಕ್ಕಳೆಲ್ಲ ಇನ್ನು ಕಂಪ್ಯೂಟರಿನಲ್ಲೇ ಪರೀಕ್ಷೆ ಬರೆಯತಕ್ಕದ್ದು, ಎಲ್ಲ ಶಾಲೆಗೂ ಒಂದೇ ಪ್ರಶ್ನೆ, ಒಂದೇ ದಿನ, ಒಂದೇ ಅಳತೆ ಎಂದು ಮೇಲಿನಿಂದ ಸುತ್ತೋಲೆ ಇಳಿಯಿತು. ಮಾಸ್ತರು ಅದನ್ನು ಓದಿ, ಕಣ್ಣು ಮುಚ್ಚಿ, ತೆರೆದು, "ಆತು" ಎಂದರು. ಮಾಸ್ತರ 'ಆತು'ವಿನಲ್ಲಿ ಒಪ್ಪಿಗೆ ಎಷ್ಟು, ಶರಣಾಗತಿ ಎಷ್ಟು ಎಂದು ತೂಗಿ ನೋಡುವುದು ಕಷ್ಟ.

ಕುಮಟೆಯಲ್ಲಿ ತರಬೇತಿ. ಮೂರು ತಾಲೂಕಿನ ಮಾಸ್ತರರು, ಅಕ್ಕೋರುಗಳು ಒಂದು ಸಭಾಭವನದಲ್ಲಿ ಫ್ಯಾನಿನ ಕೆಳಗಿನ ಕುರ್ಚಿಗಳಿಗಾಗಿ ಸಭ್ಯವಾಗಿ ಹೋರಾಡಿ ಕೂತೆವು. ಘಟ್ಟದ ಮೇಲಿನಿಂದ ಬಂದ ಒಬ್ಬ ಯುವಕ ಗೋಡೆಯ ಮೇಲೆ ಚಿತ್ರ ಬಿಡುತ್ತ ವಿವರಿಸಿದ. ಒಳ್ಳೆಯ ಹುಡುಗ, ನಮ್ಮ ವಯಸ್ಸಿಗೆ ಗೌರವ ಕೊಟ್ಟು ಜೋರಾಗಿ ಮಾತನಾಡುತ್ತಿದ್ದ. ಜಟ್ಟಪ್ಪ ಮಾಸ್ತರು ಪ್ರತಿ ಚಿತ್ರವನ್ನೂ ಮೇಲಿನಿಂದ ಕೆಳಗೆ ಓದುವವರು. ಅವರ ಓದು ಅರ್ಧಕ್ಕೆ ಬರುವಷ್ಟರಲ್ಲಿ ಚಿತ್ರ ಹಾರಿಹೋಗುತ್ತಿತ್ತು. "ಸ್ವಲ್ಪ ಹಿಂದೆ ಹೋಗೂಕೆ ಬತ್ತದಾ?" ಎಂದು ಮೊದಲ ಸಲ ಕೇಳಿದಾಗ ಹುಡುಗ ಹಿಂದೆ ಹೋದ. ಎರಡನೆಯ ಸಲವೂ ಹೋದ. ಆಮೇಲೆ ಸಭೆಗೇ ಮುಜುಗರವಾಗತೊಡಗಿತು. ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಮಾಸ್ತರು ಎದ್ದು ನಿಂತರು.

"ಓದೂಕೆ ಎಷ್ಟು ಹೊತ್ತು ಕೊಡ್ತ್ರಿ?"

"ಸರ್, ಓದೋದು, ಉತ್ತರ ಕೊಡೋದು ಎಲ್ಲ ಒಟ್ಟಿಗೇ. ಟೈಮರ್ ಓಡ್ತಾ ಇರುತ್ತೆ."

"ಅದು ಓಡಲಿ. ನಮ್ಮ ಮಕ್ಕಳು ಯಾವಾಗ ಹೊರಡೂದು?"

"ಅದನ್ನೆಲ್ಲ ಸಿಸ್ಟಮ್ ನೋಡ್ಕೊಳ್ಳುತ್ತೆ ಸರ್."

ಸಭೆ ನಕ್ಕಿತು, ಚಾ ಬಂತು. ವಾಪಸು ಬರುವಾಗ ಮಾಸ್ತರು ಟಿಕೇಟನ್ನು ಎರಡೂ ಬದಿ ಓದಿ ಮುಗಿಸುವಷ್ಟರಲ್ಲಿ ಬಸ್ಸು ಧಾರೇಶ್ವರ ದಾಟಿತ್ತು. ಆಮೇಲೆ ಡಬ್ಬಿಯಿಂದ ಮೊಣಕಾಲು ತಟ್ಟುತ್ತ ಹೇಳಿದರು: "ಸಿಸ್ಟಮ್ ನೋಡ್ಕೊಳ್ತದಂತೆ. ಒಳ್ಳೇದೇ ಆತು ಬಿಡಿ. ಇಷ್ಟು ವರ್ಷ ಎಲ್ಲ ನಾವೇ ನೋಡ್ಕೊಳ್ಬೇಕಾಗಿತ್ತು."

ಮಳೆಗಾಲದ ನಡುವೆ ಕಂಪ್ಯೂಟರುಗಳು ಆಗಮಿಸಿದವು. ಟೆಂಪೋ ಕೊನೆಯ ಇಳಿಜಾರಿನಲ್ಲಿ ಇಳಿಯಲೊಲ್ಲದೆ ನಿಂತಿತು. ಮೀನು ಮಾರಿ ಬರುತ್ತಿದ್ದ ಹೆಂಗಸರು ಖಾಲಿ ಬುಟ್ಟಿ ಕೆಳಗಿಟ್ಟು ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ತಂದರು; ಮೇಲೆ ಕೊಡೆ ಹಿಡಿದು ಗೊಯ್ದಮ್ಮ. ವಿಜ್ಞಾನ ನಮ್ಮ ಕೇರಿಗೆ ಬಂದದ್ದು ಹೀಗೆ, ಬಂಗಡೆಯ ವಾಸನೆಯೊಂದಿಗೆ. ಮಕ್ಕಳು ಕಡಿಮೆ ಇದ್ದುದರಿಂದ ಎಂಟನೆಯ ತರಗತಿಯಲ್ಲಿ ತಲೆಗೊಂದು ಯಂತ್ರ ಸಿಕ್ಕಿತು. ದೊಡ್ಡ ಶಾಲೆಗಳಲ್ಲಿ ಅದಕ್ಕಾಗಿ ಸರದಿ ಹಚ್ಚಿದ್ದರು. ಸಣ್ಣವರಾಗಿದ್ದರಿಂದ ನಮಗೆ ಆದ ಲಾಭ ಅದೊಂದೇ.

ಆದರೆ ಅವುಗಳನ್ನು ಇಡುವುದೆಲ್ಲಿ? ಶಾಲೆಯಲ್ಲಿ ಸೋರದ ಕೋಣೆ ಒಂದೇ ಇತ್ತು, ಅದರಲ್ಲಿ ಬಿಸಿಯೂಟದ ಅಕ್ಕಿ ಇತ್ತು.

"ಮಾಸ್ತರೇ, ಈ ಪೆಟ್ಟಿಗೆ ಅನ್ನ ಹಾಕ್ತದಾ?" ಗೊಯ್ದಮ್ಮ ಬಾಗಿಲಿಗೆ ಅಡ್ಡ ನಿಂತು ಕೇಳಿದಳು.

"ಇಲ್ಲ ಗೊಯ್ದಮ್ಮ."

"ಹಂಗಾರೆ ಅಕ್ಕಿ ಎಂತಕೆ ಹೊರಗೆ ಹಾಕ್ತ್ರಿ?"

ಈ ವಾದಕ್ಕೆ ಇಲಾಖೆಯ ಯಾವ ಸುತ್ತೋಲೆಯಲ್ಲೂ ಉತ್ತರವಿರಲಿಲ್ಲ. ಕೊನೆಗೆ ಅಕ್ಕಿಯೂ ಯಂತ್ರಗಳೂ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದವು. ಹಳೆಯ ಸೀರೆಗಳನ್ನು ಹೊದ್ದು ಕೂತ ಯಂತ್ರಗಳ ಮುಂದೆ ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಮಾಸ್ತರು ಹೇಳಿರಲಿಲ್ಲ, ಅವರೇ ಬಿಟ್ಟಿದ್ದರು.

ಯಂತ್ರಗಳಿಗೆ ಕರೆಂಟು ಬೇಕಿತ್ತು, ಅದು ಮಳೆಯ ಮರ್ಜಿ. ನೆಟ್ಟು ಬೇಕಿತ್ತು, ಅದು ಬಾವಿಕಟ್ಟೆಯ ಮೇಲೆ ನಿಂತವರಿಗೆ ಮಾತ್ರ ಸಿಗುತ್ತಿತ್ತು. ಕೊನೆಗೆ ಇಲಾಖೆಯವರು ಶಾಲೆಯವರೆಗೆ ಒಂದು ತಂತಿ ಎಳೆದು ಹೋದರು. ಅಭ್ಯಾಸ ಪರೀಕ್ಷೆಯೆಂದು ಗೊತ್ತುಪಡಿಸಿದ ದಿನ ಮಕ್ಕಳೆಲ್ಲ ತಲೆಗೆ ಎಣ್ಣೆ ಹಚ್ಚಿ ಬಂದು ಕೂತರು. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ಮಧ್ಯಾಹ್ನದ ಊಟದವರೆಗೂ ತಿರುಗಿತು. ಮೇಲೆ ಎಲ್ಲೋ ಸರ್ವರ್ ಮಲಗಿದೆಯೆಂದು ಫೋನಿನಲ್ಲಿ ಹೇಳಿದರು. ಅಭ್ಯಾಸ ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಅಭ್ಯಾಸ ಮಾಡಿದ್ದು ಕಾಯುವುದನ್ನು.

ಇಲ್ಲಿ ಮಾಸ್ತರು ತಮ್ಮದೇ ದಾರಿ ಹಿಡಿದರು. ಕರೆಂಟಿದ್ದಾಗ ಮೌಸೆಂಬ ಇಲಿಯನ್ನು ಹಿಡಿಯುವುದು, ಒತ್ತುವುದು ಎಲ್ಲ ಕಲಿಸಿದರು. ಕರೆಂಟಿಲ್ಲದಾಗ, ಅಂದರೆ ಹೆಚ್ಚಿನ ದಿನಗಳಲ್ಲಿ, ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಹಾಳೆಗೆ ಬರೆದು, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಆರಿದ ಪರದೆಗಳಿಗೆ ಸಿಕ್ಕಿಸುತ್ತಿದ್ದರು. ಮಕ್ಕಳು ಎದುರು ಕೂತು, ಕೈ ಮಡಿಲಲ್ಲಿಟ್ಟು, ಓದಿ, ಕಣ್ಣು ಮುಚ್ಚಿ ಕಾಯುವರು. ಅಕ್ಕಿ ಚೀಲದ ಪಕ್ಕ ನಿಂತ ಮಾಸ್ತರು ಕಾಲು ಗಂಟೆಗೆ ಸರಿಯಾಗಿ ಡಬ್ಬಿ ಕುಟ್ಟುವರು. ಟಕ್, ಟಕ್. ಎಲ್ಲ ಕೈಗಳೂ ಒಟ್ಟಿಗೆ ಇಲಿಯ ಮೇಲೆ. ನೋಡಲು ಸೊಗಸಾಗಿತ್ತು. ಆರಿದ ಯಂತ್ರಕ್ಕೆ ಬೇಸರ ಬರುವುದಿಲ್ಲ. ಎಷ್ಟು ಹೊತ್ತಾದರೂ ಕಾಯುತ್ತದೆ.

ಇಷ್ಟೆಲ್ಲ ಹಠಕ್ಕೆ ಕಾರಣವಿತ್ತು. ಅದೇ ವರ್ಷ ಒಬ್ಬ ಅಧಿಕಾರಿ ಬಂದು ಎಳನೀರು ಕುಡಿದು, ಮೆತ್ತಗಿನ ಮಾತಿನಲ್ಲಿ ಹೇಳಿಹೋಗಿದ್ದರು: ಮಕ್ಕಳು ಕಡಿಮೆಯಿರುವ ಶಾಲೆಗಳನ್ನು ಹೆದ್ದಾರಿಯಾಚೆಯ ದೊಡ್ಡ ಶಾಲೆಗೆ ಸೇರಿಸುವ ಯೋಚನೆಯಿದೆ, ಈ ಮೌಲ್ಯಾಂಕನದಲ್ಲಿ ನಿಮ್ಮ ಮಕ್ಕಳು ಕಂಡರೆ ನಿಮ್ಮ ಶಾಲೆಯೂ ಮೇಲಿನವರ ಕಣ್ಣಿಗೆ ಕಾಣುತ್ತದೆ, ಆಗ ನಾನೂ ಒಂದು ಮಾತು ಹೇಳಬಹುದು. ಹೆದ್ದಾರಿಯೆಂದರೆ ಈಗಿನ ಅಗಲ ಹೆದ್ದಾರಿ. ಲಾರಿಗಳು ಕೇರಿಯನ್ನು ನೋಡುವಷ್ಟು ನಿಧಾನವಾಗಿ ಅಲ್ಲಿ ಹೋಗುವುದಿಲ್ಲ. ಎಂಟನೆಯ ತರಗತಿಯಲ್ಲಿ ನಾಗವೇಣಿ ಎಂಬ ಹುಡುಗಿಯಿದ್ದಳು. ಅಪ್ಪ ಬೋಟಿಗೆ, ಅಮ್ಮ ಬೆಳಗಾಗುವ ಮುಂಚೆ ಮೀನಿಗೆ. ಚಿಕ್ಕ ತಮ್ಮನನ್ನು ಎತ್ತಿಕೊಂಡೇ ಶಾಲೆಗೆ ಬರುವಳು. ಅವನು ಒಂದನೆಯ ತರಗತಿಯ ಮೂಲೆಯಲ್ಲಿ ಮಲಗಿರುತ್ತಿದ್ದ, ಇಲಾಖೆಗೆ ತಿಳಿಯದ ವಿದ್ಯಾರ್ಥಿ.

"ಉಳಿದವರು ಹ್ಯಾಗಾದ್ರೂ ದಾಟ್ತಾರೆ ಭಟ್ರೆ," ಮಾಸ್ತರು ಹೇಳಿದ್ದರು. "ನಾಗವೇಣಿನ್ನ ಮನೇಲಿ ಬಿಡೂದಿಲ್ಲ. ತಮ್ಮನ್ನ ಎತ್ಕೊಂಡು ಆ ರಸ್ತೆ ಹ್ಯಾಗೆ ದಾಟ್ತದೆ ಅದು? ಶಾಲೆ ಇಲ್ಲೇ ಇದ್ರೆ ತಮ್ಮನ್ನ ಇಲ್ಲಿ ಬಿಟ್ಟು ಹೈಸ್ಕೂಲಿಗೂ ಹೋಗ್ತದೆ. ಇಲ್ಲದಿದ್ರೆ ಇಲ್ಲ. ಅಷ್ಟೇ ಲೆಕ್ಕ."

ಪರೀಕ್ಷೆಯ ದಿನ ಕರೆಂಟಿತ್ತು. ತಂತಿಯಲ್ಲಿ ನೆಟ್ಟೂ ಇತ್ತು. ಸರ್ವರ್ ಎಚ್ಚರವಾಗಿತ್ತು. ಇಷ್ಟೊಂದು ಅದೃಷ್ಟ ಒಂದೇ ದಿನ ಕಂಡಾಗಲೇ ನನಗೆ ಅನುಮಾನ ಬರಬೇಕಿತ್ತು. ಕುಮಟೆ ಕಡೆಯ ಶಾಲೆಯಿಂದ ಒಬ್ಬ ತರುಣ ಮಾಸ್ತರ ವೀಕ್ಷಕನಾಗಿ ಬಂದಿದ್ದ. ಬಂದವನೇ ಫೋನು ತೆಗೆದು, ಹಿಂದಿನ ಸಂಜೆಯಷ್ಟೇ ಬಂದ ಹೊಸ ನಿಯಮ ಓದಿದ: ಆಯಾ ಶಾಲೆಯ ಶಿಕ್ಷಕರು ಪರೀಕ್ಷೆ ಮುಗಿಯುವವರೆಗೆ ಕಂಪೌಂಡಿನ ಹೊರಗಿರತಕ್ಕದ್ದು.

"ಬೇಜಾರು ಮಾಡ್ಕೊಳ್ಬೇಡಿ ಸರ್. ನಾನೂ ಮಕ್ಕಳ ಹತ್ರ ಒಂದು ಮಾತಾಡೂಹಂಗಿಲ್ಲ. ಹೆಸರು ನೋಡಿ ಕೂರಿಸೂದು, ಸುಮ್ನೆ ನಿಲ್ಲೂದು."

"ನೀವು ನಿಯಮ ಪಾಲಿಸಿ ತಮಾ," ಎಂದರು ಮಾಸ್ತರು. ಗೇಟು ದಾಟುವ ಮೊದಲು ತಿರುಗಿ ಜಗಲಿಯ ಮೇಲೆ ಸಾಲಾಗಿ ನಿಂತಿದ್ದ ಮಕ್ಕಳಿಗೆ ಹೇಳಿದರು: "ಹೆದರೂದು ಬೇಡ. ನಾ ಹೇಳ್ಕೊಟ್ಟ ಹಾಗೇ ಮಾಡಿ. ಆತಾ?"

"ಆತು ಮಾಸ್ತರೇ."

ಉಳಿದ ತರಗತಿಗಳಿಗೂ ಅತಿಥಿ ಅಕ್ಕೋರಿಗೂ ಆ ದಿನ ರಜೆ; ನಾವಿಬ್ಬರೂ ಚಿರೆಕಲ್ಲಿನ ಗೋಡೆಗೆ ಒರಗಿ ನಿಂತೆವು. ಒಳಗಿನಿಂದ ಒಂದು ಸದ್ದಿಲ್ಲ. ಮಾಸ್ತರ ಮುಖದಲ್ಲಿ ನಾನು ಅಂಥ ನೆಮ್ಮದಿ ಕಂಡದ್ದು ಕಡಿಮೆ. "ನೋಡಿ ಭಟ್ರೆ. ಒಂದು ಕೆಮ್ಮು ಇಲ್ಲ. ಬೇರೆ ಶಾಲೆಯಲ್ಲಿ ಇಷ್ಟೊತ್ತಿಗೆ ಇಲಿ ಹಿಡಿದು ಒದ್ದಾಡ್ತಾ ಇರ್ತಾರೆ." ಅಡುಗೆಮನೆಯ ಹಿತ್ತಲ ಬಾಗಿಲಿನಿಂದ ಗೊಯ್ದಮ್ಮ ಹೊರಗೆ ಬಂದು ಗೋಡೆಯ ಮೇಲಿನಿಂದ ಇಣುಕಿದಳು. ಅವಳು ಶಿಕ್ಷಕಿಯಲ್ಲವಾದ್ದರಿಂದ ನಿಯಮ ಅವಳನ್ನು ಒಳಗೇ ಬಿಟ್ಟಿತ್ತು. "ಮಕ್ಕಳು ಕೋಣೆಯಲ್ಲಿ ಇದ್ವಾ ಇಲ್ಲ ಮನೆಗೆ ಹೋದ್ವಾ ಮಾಸ್ತರೇ? ಅಕ್ಕಿ ಚೀಲವೇ ಪರೀಕ್ಷೆಗೆ ಕೂತ ಹಾಗೆ ಇದೆ."

"ಓದ್ತಾ ಇದ್ದಾರೆ," ಎಂದರು ಮಾಸ್ತರು.

ಅವರು ಗಡಿಯಾರ ನೋಡಿಕೊಂಡರು. ಕಾಲು ಗಂಟೆಯಾಗಿತ್ತು. ಕೈ ತಾನಾಗಿ ಎದ್ದಿತು. ಡಬ್ಬಿಯಿಂದ ಗೋಡೆಯನ್ನು ಎರಡು ಸಲ ಕುಟ್ಟಿದರು. ಚಿರೆಕಲ್ಲು ತೂತುತೂತಿನ ಕಲ್ಲು, ಶಬ್ದ ಕುಡಿಯುತ್ತದೆ. ಪಕ್ಕದಲ್ಲಿ ನಿಂತ ನನಗೇ ಸರಿಯಾಗಿ ಕೇಳಲಿಲ್ಲ.

ಇನ್ನೂ ಸ್ವಲ್ಪ ಹೊತ್ತಿಗೆ ವೀಕ್ಷಕ ಜಗಲಿಗೆ ಬಂದು ನಿಂತ. ಮುಖ ಬಿಳಚಿಕೊಂಡಿತ್ತು. ಕೈಸನ್ನೆ ಮಾಡಿ ಕರೆದ. ನಾವು ಒಳಗೆ ಹೋದೆವು. ಎಲ್ಲ ಪರದೆಗಳ ಮೇಲೂ ಒಂದೇ ನೀಲಿ, ಒಂದೇ ಸಾಲು: ನಿಮ್ಮ ಅವಧಿ ಮುಕ್ತಾಯಗೊಂಡಿದೆ. ಅವುಗಳ ಎದುರು ಎರಡು ಸಾಲು ಮಕ್ಕಳು, ಕೈ ಮಡಿಲಲ್ಲಿ, ಕಣ್ಣು ಮುಚ್ಚಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಮಾಸ್ತರು ಎಷ್ಟು ಚೆನ್ನಾಗಿ ಕಲಿಸಿದ್ದರೆಂದರೆ ಒಬ್ಬನೂ ಅಲುಗಿರಲಿಲ್ಲ.

ಹೆಜ್ಜೆ ಸಪ್ಪಳಕ್ಕೆ ನಾಗವೇಣಿ ಒಂದು ಕಣ್ಣು ತೆರೆದಳು. "ಮಾಸ್ತರೇ, ನೀವು ಕುಟ್ಟಿದ್ದು ಕೇಳಲೇ ಇಲ್ಲ."

"ನಾ ಕುಟ್ಟಿದ್ದೆ ತಂಗಿ," ಎಂದರು ಮಾಸ್ತರು.

ವೀಕ್ಷಕ ತೊದಲುತ್ತ ವಿವರಿಸಿದ. ಹತ್ತು ನಿಮಿಷ ಯಾರೂ ಏನೂ ಮುಟ್ಟದಿದ್ದರೆ ಎದುರು ಮಗುವಿಲ್ಲವೆಂದು ಯಂತ್ರ ತಿಳಿಯುತ್ತದೆ. ಮುಚ್ಚಿಕೊಳ್ಳುತ್ತದೆ. ಒಂದು ಮಗುವಿಗೆ ಒಂದೇ ಸಲ, ಮತ್ತೆ ತೆರೆಯುವುದಿಲ್ಲ. ಮಕ್ಕಳು ಪ್ರಾರ್ಥನೆ ಮಾಡುತ್ತಿದ್ದಾರೆಂದು ಅವನು ತಿಳಿದಿದ್ದನಂತೆ. ಮಾತನಾಡುವ ಹಾಗಿರಲಿಲ್ಲವಲ್ಲ.

"ಹತ್ತು ನಿಮಿಷ," ಎಂದರು ಮಾಸ್ತರು. ಕೈಯಲ್ಲಿದ್ದ ಡಬ್ಬಿ ನೋಡಿಕೊಂಡು, "ಹಾಗಾದ್ರೆ ನಾ ಒಳಗಿದ್ದು ಕುಟ್ಟಿದ್ರೂ ಮುಗಿದೇ ಹೋಗಿತ್ತು," ಎಂದರು. ಅದು ಸಮಾಧಾನದ ಮಾತೋ ತಪ್ಪೊಪ್ಪಿಗೆಯೋ ನನಗೆ ಆಗ ತಿಳಿಯಲಿಲ್ಲ. ಈಗ ತಿಳಿದಿದೆ.

ಪರೀಕ್ಷೆಯೆಂದು ಗೊಯ್ದಮ್ಮ ಆ ದಿನ ಪಾಯಸ ಮಾಡಿದ್ದಳು. ಮಕ್ಕಳು ಸಂತೋಷದಿಂದ ಉಂಡರು. ಇಷ್ಟು ಸುಲಭದ ಪರೀಕ್ಷೆಯನ್ನು ಅವರು ಹಿಂದೆ ಬರೆದಿರಲಿಲ್ಲ.

ಫಲಿತಾಂಶ ಬಂದಾಗ ನಮ್ಮ ಮಕ್ಕಳು ಅನುತ್ತೀರ್ಣರಾಗಿರಲಿಲ್ಲ. ಅಷ್ಟು ಗೌರವವೂ ಸಿಗಲಿಲ್ಲ. ಎಲ್ಲರ ಹೆಸರಿನ ಮುಂದೆ 'ಗೈರು' ಎಂದಿತ್ತು. ಇಡೀ ಶಾಲೆ ಗೈರು. ಮಾಸ್ತರು ಬರೆದು ತಿಳಿಸಿದರು, ಫೋನು ಮಾಡಿದರು. ಕೊನೆಗೆ ಒಂದು ಬೆಳಿಗ್ಗೆ ಎಂಟನೆಯ ತರಗತಿಯನ್ನೇ ಬಸ್ಸು ಹತ್ತಿಸಿದರು. ನಾಗವೇಣಿಯ ಕಂಕುಳಲ್ಲಿ ತಮ್ಮನೂ ಬಂದ. ಎಳನೀರು ಕುಡಿದುಹೋಗಿದ್ದ ಅಧಿಕಾರಿಯ ಕೋಣೆಯಲ್ಲಿ ಮಕ್ಕಳನ್ನು ಗೋಡೆಯುದ್ದಕ್ಕೂ ನಿಲ್ಲಿಸಿ ಮಾಸ್ತರು ಬಹಳ ಗಂಭೀರವಾಗಿ ಹೇಳಿದರು:

"ಸಾಹೇಬ್ರೆ, ಗೈರಾದವರು ಬಂದಿದ್ದಾರೆ."

ಅಧಿಕಾರಿ ಕೆಟ್ಟ ಮನುಷ್ಯನಲ್ಲ. ಮಕ್ಕಳಿಗೆ ಬಿಸ್ಕತ್ತು ತರಿಸಿದರು. ತಮ್ಮನಿಗೆ ಎರಡು ಕೊಟ್ಟರು. ಆಮೇಲೆ ಮೇಜಿನ ಮೇಲಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ, "ನನಗೆ ಕಾಣ್ತದೆ ಮಾಸ್ತರೇ. ಎಲ್ಲರೂ ಇದ್ದಾರೆ. ಇಲ್ಲಿ ಕಾಣೂದಿಲ್ಲ," ಎಂದು ಅದನ್ನು ಬೆರಳಿಂದ ತಟ್ಟಿ, "ನನ್ನ ಮಾತಿಗಿಂತ ಮೊದಲು ಮೇಲಿನವರು ನೋಡೂದು ಇದನ್ನ," ಎಂದರು. ಮಾಸ್ತರು ಮುಂದೆ ಬಾಗಿ ಪರದೆಯನ್ನು ಓದಿದರು. ಮೇಲಿನಿಂದ ಕೆಳಗೆ, ಪೂರ್ತಿ. ಓದಿ ಕಣ್ಣು ಮುಚ್ಚಿದರು. ಅಧಿಕಾರಿ ಕಾದರು. ಆ ಒಂದು ಉಪಕಾರ ಅವರದು.

ಶಾಲೆ ಸೇರ್ಪಡೆಯಾಯಿತು. ಸೇರ್ಪಡೆ ಎನ್ನುವ ಶಬ್ದ ಚೆನ್ನಾಗಿದೆ, ಮದುವೆಯ ಹಾಗೆ ಕೇಳುತ್ತದೆ. ಯಂತ್ರಗಳು ಬಂದ ದಾರಿಯಲ್ಲೇ, ಬಂದ ಹಾಗೆಯೇ ಹೆಂಗಸರ ತಲೆಯ ಮೇಲೆ ಇಳಿಜಾರು ಹತ್ತಿ ಹೋದವು. ಹಿಂದಿನಿಂದ ಅಕ್ಕಿಯೂ ಹೋಯಿತು. ಸೋರದ ಕೋಣೆ ಖಾಲಿಯಾಯಿತು. ಮಾಸ್ತರು ಅದೇ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆ ಬೇಡವೆಂದರು, ಮಾಡಲು ಶಾಲೆಯೂ ಇರಲಿಲ್ಲ.

ನಾನು ಹೆದ್ದಾರಿಯಾಚೆಯ ಶಾಲೆಗೆ ಬಂದೆ. ಇಲ್ಲಿ ಮಕ್ಕಳ ತಯಾರಿ ಬೇರೆ ಥರ. ಏನೂ ತಿಳಿಯದಿದ್ದರೂ ಇಲಿಯನ್ನು ಅಲುಗಿಸುತ್ತಿರಬೇಕು, ಮೊದಲು ಒಂದನ್ನು ಒತ್ತಿ ಆಮೇಲೆ ಓದಬೇಕು ಎಂದು ಕಲಿಸುತ್ತೇವೆ. ಕಲಿಸುವವರಲ್ಲಿ ನಾನೂ ಒಬ್ಬ. ಚುರುಕು ಮಕ್ಕಳು ಕಣ್ಣು ಬೇರೆಲ್ಲೋ ಇಟ್ಟು ಕೈ ಮಾತ್ರ ಕುಣಿಸುತ್ತಿರುವುದನ್ನು ಕರಗತ ಮಾಡಿಕೊಂಡಿದ್ದಾರೆ. ನಮ್ಮ ಹಾಜರಾತಿ ಪೂರ್ಣ.

ಮುಂದಿನ ವರ್ಷದ ಮೌಲ್ಯಾಂಕನದ ದಿನ ನಾನು ನಿಯಮದಂತೆ ಗೇಟಿನ ಹೊರಗಿದ್ದೆ. ಹೆದ್ದಾರಿಯಾಚೆ, ಲಾರಿಗಳ ಸಂದಿನಲ್ಲಿ, ಬಿಳಿ ಅಂಗಿಯ ಒಬ್ಬರು ದಾಟಲು ಕಾಯುತ್ತಿರುವುದು ಕಂಡಿತು. ಬಹಳ ಹೊತ್ತು ಕಾದರು. ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಇಡೀ ರಸ್ತೆಯನ್ನು ಓದಿ ಮುಗಿಸಿಯೇ ದಾಟಿದರು. ಜಟ್ಟಪ್ಪ ಮಾಸ್ತರು. ಸೊರಗಿದ್ದರು. ಕೈಯಲ್ಲಿ ಡಬ್ಬಿ ಇತ್ತು.

"ಬಂದೆ ಸುಮ್ನೆ," ಎಂದರು. "ನಮ್ಮ ಕೇರಿಯ ಮಕ್ಕಳು ಇವತ್ತು ಕೂತಿದ್ದಾರಲ್ಲ. ಎಷ್ಟು ಜನ ಬತ್ತಾರೆ?"

"ಗಂಡುಮಕ್ಕಳು ಬತ್ತಾರೆ."

"ನಾಗವೇಣಿ?"

"ಇಲ್ಲ ಮಾಸ್ತರೇ. ಹೈಸ್ಕೂಲಿಗೂ ಹೆಸರು ಹಚ್ಚಲಿಲ್ಲ. ತಮ್ಮನ್ನ ನೋಡ್ಕೊಂಡು ಮನೇಲೇ ಇದೆ ಅಂತ ಗೊಯ್ದಮ್ಮ ಹೇಳಿದ್ಲು."

ಇಬ್ಬರೂ ಗೋಡೆಗೆ ಒರಗಿ ನಿಂತೆವು. ಇಲ್ಲಿಯದು ಸಿಮೆಂಟಿನ ಗೋಡೆ, ಪರೀಕ್ಷೆಯ ಕೋಣೆ ಹತ್ತಿರ, ಕಿಟಕಿ ತೆರೆದಿತ್ತು. ಕುಟ್ಟಿದರೆ ಖಂಡಿತ ಕೇಳುವಷ್ಟು ಹತ್ತಿರ. ಮಾಸ್ತರು ಅದನ್ನು ನೋಡಿಕೊಂಡದ್ದು ನನಗೆ ಕಂಡಿತು. ಗಡಿಯಾರ ನೋಡಿದರು.

"ಭಟ್ರೆ, ಒಂದು ಸಲ ಕುಟ್ಟಲಾ? ಮೆತ್ತಗೆ. ಒಳಗಿದ್ದ ನಮ್ಮ ಹುಡುಗ್ರಿಗೆ ನಾ ಇದ್ದೆ ಅಂತ ಗೊತ್ತಾಗೂಕೆ."

"ಕೇಳೂದಿಲ್ಲ ಮಾಸ್ತರೇ," ಎಂದೆ. "ಈ ವರ್ಷದಿಂದ ಹೆಡ್‌ಫೋನ್ ಕೊಟ್ಟಿದ್ದಾರೆ. ಎಲ್ಲರ ಕಿವಿಗೂ ಹಾಕಿದೆ."

ಮಾಸ್ತರು ಕಿಟಕಿಯ ಕಡೆ ನೋಡಿದರು. ಒಳಗೆ ಸಾಲು ಸಾಲು ಕರಿ ಹೆಡ್‌ಫೋನು ಹೊತ್ತ ತಲೆಗಳು; ಬಲಗೈಗಳೆಲ್ಲ ಅಲುಗುತ್ತಿದ್ದವು, ಎಡೆಬಿಡದೆ.

"ಆತು," ಎಂದರು.

ಆಮೇಲೆ ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಒರೆಸಿ, ಕಾಲು ಮಡಚಿ, ಡಬ್ಬಿಯೊಳಗಿಟ್ಟು ಮುಚ್ಚಿದರು. ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಬರಿ ಕಣ್ಣಿನಲ್ಲಿ ರಸ್ತೆಯ ಕಡೆ ಹೊರಟರು. ನಾನು ಹಿಂದೆಯೇ ಹೋಗಿ ಕೈ ಹಿಡಿದು ದಾಟಿಸಿದೆ. ನಡೆಯುವಾಗ ಅವರ ಜೇಬಿನಲ್ಲಿ ಅದು ಲೊಡಲೊಡ ಅನ್ನುತ್ತಿತ್ತು.